ಗಾಲೆಯ ಬಂಡೆಗಳು

ಲಂಕೆಯೆಂದೊಡನೆ ನಮ್ಮ ಮನಸ್ಸು ತ್ರೇತಾಯುಗಕ್ಕೆ ಹಾರುತ್ತದೆ. ಸಮುದ್ರಲಂಘನ, ಅಶೋಕವನ, ಲಂಕಾದಹನ ಮೊದಲಾದ ಕಥೆಗಳನ್ನು ಬಾಲ್ಯದಿಂದಲೂ ಕೇಳಿ ಬೆಳೆದವರಿಗೆ, ಆ ದ್ವೀಪದಲ್ಲಿಯೂ ರೈಲುಗಾಡಿ ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಗೊಣಗುವ ಜನರಿರುವರೆಂಬುದನ್ನು ನಂಬಲು ಸ್ವಲ್ಪ ಕಾಲ ಬೇಕಾಗುತ್ತದೆ. ಕೊಲಂಬೋ ನಗರದಿಂದ ಹೊರಟ ಅಂಥ ಒಂದು ಗಾಡಿಯಲ್ಲಿ ಕುಳಿತು, ಸುಮಾರು ನೂರಹದಿನೈದು ಕಿಲೋಮೀಟರುಗಳ ದೂರ, ಬಹುಪಾಲು ಸಮುದ್ರದ ಅಂಚಿನಲ್ಲಿಯೇ ಪ್ರಯಾಣಮಾಡಿ ನಾವು ಗಾಲೆ ಎಂಬ ಪಟ್ಟಣವನ್ನು ಸೇರಿದೆವು. ಹಳಿಗೂ ತೆರೆಗೂ ನಡುವೆ ಕೆಲವೆಡೆ ಒಂದು ಸಾಲು ತೆಂಗಿನ ಮರಗಳಲ್ಲದೆ ಬೇರೇನೂ ಇಲ್ಲ. ಕಿಟಕಿಯಿಂದ ಕೈ ಚಾಚಿದರೆ ನೊರೆ ಸಿಕ್ಕೀತೆಂಬ ಭ್ರಾಂತಿ ಹುಟ್ಟುತ್ತದೆ. ಆ ಸಾಮೀಪ್ಯವು ಆಗ ನಮಗೆ ಸಂತೋಷವನ್ನೇ ಕೊಟ್ಟಿತು. ಅದರ ಇನ್ನೊಂದು ಮುಖದ ವಿಚಾರ ಮುಂದೆ ಬರುತ್ತದೆ.

ಗಾಲೆಯು ದ್ವೀಪದ ನೈಋತ್ಯ ಮೂಲೆಯಲ್ಲಿದೆ. ನೆಲವು ಒಂದು ಬೆರಳಿನಂತೆ ದಕ್ಷಿಣಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಆ ಬೆರಳಿನ ಮೇಲೆ ಕೋಟೆ. ಅದರ ಮೂಡಣಕ್ಕೆ ದಕ್ಷಿಣಾಭಿಮುಖವಾದ ಒಂದು ಕೊಲ್ಲಿ; ಕೊಲ್ಲಿಯ ಆಚೆಯ ದಡದಲ್ಲಿ ರುಮಸ್ಸಲ ಎಂಬ ಹಸುರು ಗುಡ್ಡ. ಹನುಮಂತನು ಸಂಜೀವಿನಿಗಾಗಿ ಪರ್ವತವನ್ನು ಹೊತ್ತು ತಂದಾಗ ಅದರ ಒಂದು ತುಣುಕು ಕಳಚಿಬಿದ್ದು ಈ ಗುಡ್ಡವಾಯಿತೆಂದು ಅಲ್ಲಿಯ ಜನರು ಹೇಳುತ್ತಾರೆ. ಔಷಧಿ ಸಸ್ಯಗಳು ಅಲ್ಲಿ ಹೇರಳವಾಗಿರುವುದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ನಮ್ಮ ಸೀಮೆಯಲ್ಲಿಯೂ ಇಂಥ ತುಣುಕುಗಳು ಬಿದ್ದ ಗುಡ್ಡಗಳು ಹಲವು ಉಂಟು. ಆಂಜನೇಯನು ಪರ್ವತವನ್ನು ಬಹಳ ಸಡಿಲವಾಗಿ ಹಿಡಿದುಕೊಂಡಿದ್ದನೆಂದು ತೋರುತ್ತದೆ.

ಪಟ್ಟಣದ ಹೆಸರಿನ ಮೂಲದ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಸಿಂಹಳದಲ್ಲಿ 'ಗಲ' ಎಂದರೆ ಬಂಡೆ. ಅದರಿಂದ ಹೆಸರು ಬಂದಿತೆಂದು ಕೆಲವರು. 'ಗಾಲ' ಎಂದರೆ ದನಗಳನ್ನು ಕೂಡುವ ಸ್ಥಳ. ಅದರಿಂದ ಬಂದಿತೆಂದು ಇನ್ನು ಕೆಲವರು. 'ಗಲ'ಕ್ಕೂ ನಮ್ಮ 'ಕಲ್ಲಿ'ಗೂ ಇರುವ ಧ್ವನಿಸಾಮ್ಯವನ್ನು ಕಂಡು ಕನ್ನಡಿಗನಿಗೆ ಹಿಗ್ಗು ಬರುವುದು ಸಹಜ. ಆದರೆ ಕೇವಲ ಧ್ವನಿಸಾಮ್ಯವನ್ನು ನೆಚ್ಚಿ ನಡೆದವರು ಭಾಷಾಶಾಸ್ತ್ರದಲ್ಲಿ ಹಳ್ಳಕ್ಕೆ ಬಿದ್ದಿರುವುದೇ ಹೆಚ್ಚು. ಪೋರ್ಚುಗೀಸರಿಗಾದರೋ ಈ ಹೆಸರು ತಮ್ಮ ಭಾಷೆಯ 'ಗಾಲೊ', ಎಂದರೆ ಹುಂಜ, ಎಂಬಂತೆ ಕೇಳಿಸಿತು. ಮುಂದೆ ಬಂದ ಡಚ್ಚರು ಕೋಟೆಯ ಹಳೆಯ ಬಾಗಿಲಿನ ಒಳಮೈಯಲ್ಲಿ ತಮ್ಮ ಕಂಪನಿಯ ಲಾಂಛನವನ್ನು ಕೆತ್ತಿಸಿದಾಗ, 1669 ಎಂಬ ವರ್ಷದೊಡನೆ ಒಂದು ಹುಂಜವನ್ನೂ ಕೂರಿಸಿದರು. ತಪ್ಪಾಗಿ ಕೇಳಿದ ಒಂದು ಮಾತು ಕಲ್ಲಿನಲ್ಲಿ ಮೂರೂವರೆ ಶತಮಾನಗಳು ನಿಂತಿದೆ. ನಮಗೆ ಮಾತ್ರ, ಈ ಊರಿನ ಚರಿತ್ರೆಯನ್ನು ನೋಡಿದ ಮೇಲೆ, ಹುಂಜಕ್ಕಿಂತ ಬಂಡೆಯೇ ಉಚಿತವೆಂದು ತೋರಿತು.

ಯೂರೋಪಿಯನ್ನರು ಬರುವುದಕ್ಕೆ ಬಹಳ ಮೊದಲೇ ಗಾಲೆಯು ರೇವಾಗಿತ್ತು. ಪಶ್ಚಿಮದಿಂದ ಚೀನಾದ ಕಡೆಗೆ ಹೋಗುವ ಯಾವ ಹಡಗಾದರೂ ಲಂಕೆಯ ದಕ್ಷಿಣದ ತುದಿಯನ್ನು ಬಳಸಿಯೇ ಹೋಗಬೇಕು. ದಾರಿಯ ತಿರುವಿನಲ್ಲಿರುವ ಛತ್ರದಂತೆ ಈ ಕೊಲ್ಲಿ ಒದಗುತ್ತಿತ್ತು. ಅರಬ್ಬೀ ಪ್ರವಾಸಿ ಇಬ್ನ್ ಬತೂತನು 1344ರಲ್ಲಿ ಇಲ್ಲಿಗೆ ಬಂದು, ಇದನ್ನು ಒಂದು ಸಣ್ಣ ಊರೆಂದು ಬರೆದಿಟ್ಟನು. ಚೀನಾದ ನೌಕಾಧಿಪತಿ ಝೆಂಗ್ ಹೆ ಎಂಬವನು ಇಲ್ಲಿ ಒಂದು ಶಿಲಾಶಾಸನವನ್ನು ನೆಡಿಸಿದನು. 1409ನೆಯ ವರ್ಷದ ತೇದಿಯುಳ್ಳ ಆ ಶಾಸನವು ಚೀನೀ, ತಮಿಳು, ಪಾರಸಿ ಎಂಬ ಮೂರು ಭಾಷೆಗಳಲ್ಲಿದೆ. ಸೊಗಸೇನೆಂದರೆ, ಈ ಮೂರು ಪಾಠಗಳೂ ಒಂದರ ಅನುವಾದ ಇನ್ನೊಂದಲ್ಲ. ಚೀನೀ ಪಾಠದಲ್ಲಿ ಬುದ್ಧನಿಗೆ ಕಾಣಿಕೆ, ತಮಿಳಿನಲ್ಲಿ ವಿಷ್ಣುವಿನ ಅವತಾರವಾದ ತೇನವರೈ ನಾಯನಾರಿಗೆ, ಪಾರಸಿಯಲ್ಲಿ ಅಲ್ಲಾಹನಿಗೆ. ಕಾಣಿಕೆಯ ವಸ್ತುಗಳು ಮಾತ್ರ ಹೆಚ್ಚುಕಡಿಮೆ ಸಮಸಮ. ಸಮುದ್ರವನ್ನು ದಾಟಬೇಕಾದವನು ಯಾವ ದೇವರನ್ನೂ ಬಿಡಲಾರನು. ಅದೇ ಝೆಂಗ್ ಹೆ 1411ರಲ್ಲಿ ದ್ವೀಪದ ಒಬ್ಬ ಪಾಳೆಯಗಾರನೊಡನೆ ಕಾದಾಡಿ ಅವನನ್ನು ಸೆರೆಹಿಡಿದು ಚೀನಾಕ್ಕೆ ಕೊಂಡೊಯ್ದನೆಂಬುದನ್ನೂ ಇಲ್ಲಿ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಈ ಶಾಸನವು ಮುಂದೆ ಮಣ್ಣುಪಾಲಾಗಿ, 1911ರಲ್ಲಿ ಗಾಲೆಯ ಒಂದು ಮೋರಿಯ ಹಾಸುಗಲ್ಲಾಗಿ ಒಬ್ಬ ಇಂಜಿನಿಯರಿನ ಕಣ್ಣಿಗೆ ಬಿದ್ದಿತು. ಈಗ ಅದು ಕೊಲಂಬೋವಿನ ವಸ್ತುಪ್ರದರ್ಶನಾಲಯದಲ್ಲಿದೆ.

ಪೋರ್ಚುಗೀಸರು 16ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಒಂದು ಚಿಕ್ಕ ಕೋಟೆಯನ್ನು ಕಟ್ಟಿದರು. 1640ರಲ್ಲಿ ಡಚ್ಚರು ಅದನ್ನು ಗೆದ್ದುಕೊಂಡು, ಕ್ರಮೇಣ ಇಡೀ ಭೂಶಿರವನ್ನೇ ಕಲ್ಲಿನಿಂದ ಕಟ್ಟಿಬಿಟ್ಟರು. ಇಷ್ಟು ಶ್ರಮವೆಲ್ಲ ಯಾವುದಕ್ಕಾಗಿ? ಮುಖ್ಯವಾಗಿ ದಾಲ್ಚಿನ್ನಿಗಾಗಿ; ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಆ ಒಂದು ಚೂರು ಚಕ್ಕೆಗಾಗಿ. 1796ರಲ್ಲಿ ಆಂಗ್ಲೇಯರು ಬಂದರು. ಕೋಟೆಗೆ ಇನ್ನೊಂದು ಅಗಲವಾದ ಬಾಗಿಲನ್ನು 1873ರಲ್ಲಿ ತೆರೆದರು. ಒಳಗಿನ ಬೀದಿಗಳು, ಗೋಡೆಗಳು, ಹೆಂಚಿನ ಮನೆಗಳ ಉದ್ದವಾದ ಜಗಲಿಗಳು, 1755ರ ಕ್ರೈಸ್ತ ದೇವಾಲಯ, ಇವೆಲ್ಲ ಡಚ್ಚರ ಕಾಲದಲ್ಲಿ ಹಾಕಿದ ಅಚ್ಚಿನಲ್ಲಿಯೇ ಉಳಿದವು. ಬೀದಿಗಳ ಕೆಳಗೆ ಅವರು ಚರಂಡಿಗಳನ್ನು ತೋಡಿದ್ದರು; ಸಮುದ್ರದ ಉಬ್ಬರದ ನೀರು ಒಳಹೊಕ್ಕು, ಇಳಿತದಲ್ಲಿ ಕೊಳೆಯನ್ನು ಎಳೆದುಕೊಂಡು ಹೋಗುವಂತೆ ಅವುಗಳ ರಚನೆ. ಆ ತೀರದಲ್ಲಿ ಉಬ್ಬರವಿಳಿತದ ಅಂತರವು ಒಂದು ಗಜಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಏರಿಳಿತವನ್ನು ಝಾಡಮಾಲಿಯಂತೆ ದುಡಿಸಿಕೊಂಡ ಜಾಣ್ಮೆಯನ್ನು ಕಂಡು, ನಮ್ಮ ಪುರಸಭೆಗಳ ನೆನಪು ಬಂದು, ನಾವು ಸುಮ್ಮನಾದೆವು.

ಕೋಟೆಯ ಗೋಡೆಯ ಮೇಲೆ ನಡೆಯುವುದಕ್ಕೆ ವಿಶಾಲವಾದ ದಾರಿಯಿದೆ. ಭೂಮಿಯ ಕಡೆಗೆ ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರಿನ ಮೂರು ದೊಡ್ಡ ಕೊತ್ತಲಗಳು. ಅಲ್ಲಿಂದ ಹೊರಟು, ಎಡಗಡೆ ಮನೆಗಳ ಹೆಂಚುಗಳನ್ನೂ ಬಲಗಡೆ ಸಮುದ್ರವನ್ನೂ ನೋಡುತ್ತ ಸುತ್ತಿ ಬಂದರೆ, ಆಗ್ನೇಯದ ತುದಿಯಲ್ಲಿ ಉಟ್ರೆಕ್ಟ್ ಕೊತ್ತಲದ ಮೇಲೆ ದೀಪಸ್ತಂಭವು ಎದುರಾಗುತ್ತದೆ. ಸಂಜೆ ಈ ದಾರಿಯಲ್ಲಿ ಊರಿಗೆ ಊರೇ ಇರುತ್ತದೆ. ಗಾಳಿಪಟ ಹಾರಿಸುವ ಹುಡುಗರು, ಶಾಲೆಯಿಂದ ಮರಳುವ ಬಿಳಿಯ ಉಡುಪಿನ ಹುಡುಗಿಯರು, ಒಂದೇ ಕೊಡೆಯ ಮರೆಯಲ್ಲಿ ಲೋಕವನ್ನು ಮರೆತ ಪ್ರಣಯಿಗಳು. ದೀಪಸ್ತಂಭದ ಎದುರಿಗೆ ಒಂದು ಬಿಳಿಯ ಮಸೀದಿ. ಅದರ ಜೋಡಿ ಗೋಪುರಗಳನ್ನು ನೋಡಿ ನಾವು ಮೊದಲು ಅದನ್ನು ಇಗರ್ಜಿಯೆಂದೇ ಭಾವಿಸಿದ್ದೆವು.

ದ್ವೀಪದ ದೀಪಸ್ಥಾನಗಳಲ್ಲಿ ಇದೇ ಅತ್ಯಂತ ಹಳೆಯದು. ಆಂಗ್ಲೇಯರು 1848ರಲ್ಲಿ ಎರಕದ ಕಬ್ಬಿಣದ ಒಂದು ಗೋಪುರವನ್ನು ಇಲ್ಲಿ ನಿಲ್ಲಿಸಿದರು. ಅದು 1934ರಲ್ಲಿ ಬೆಂಕಿಗೆ ತುತ್ತಾಯಿತು. ದೀಪದ ಮನೆಯೇ ಬೆಂಕಿಯಿಂದ ಹಾಳಾದದ್ದು ವಿಧಿಯ ಒಂದು ವ್ಯಂಗ್ಯ. ಈಗ ಕಾಣುವ, ಇಪ್ಪತ್ತಾರೂವರೆ ಮೀಟರು ಎತ್ತರದ ಬಿಳಿಯ ಕಾಂಕ್ರೀಟು ಸ್ತಂಭವು ಹಳೆಯ ಸ್ಥಳದಿಂದ ಸುಮಾರು ನೂರು ಮೀಟರು ದೂರದಲ್ಲಿ 1939ರಲ್ಲಿ ಎದ್ದಿತು. ಸುತ್ತಲೂ ತೆಂಗಿನ ಮರಗಳು. ಕೆಳಗೆ ಕೋಟೆಯ ಕಪ್ಪು ಕಲ್ಲು. ಅದರ ಕೆಳಗೆ ಹಸುರು ನೀರು. ಗಾಲೆಯ ಚಿತ್ರವೆಂದರೆ ಎಲ್ಲರೂ ತೋರಿಸುವುದು ಇದನ್ನೇ.

ದೀಪಸ್ತಂಭವಿದ್ದರೆ ಹಡಗು ಸುರಕ್ಷಿತವೆಂದು ನಾವು ಸಾಮಾನ್ಯವಾಗಿ ತಿಳಿದುಕೊಂಡಿರುತ್ತೇವೆ. ವಾಸ್ತವವಾಗಿ ದೀಪವು ದೂರದ ನಾವಿಕನಿಗೆ ಹೇಳುವುದು ಒಂದೇ ಮಾತು: ನೆಲ ಇಲ್ಲಿದೆ. ಅಷ್ಟರಿಂದ ಅವನು ತನ್ನ ಸ್ಥಾನವನ್ನು ಲೆಕ್ಕ ಹಾಕಿಕೊಳ್ಳಬಹುದು. ನೀರಿನ ಅಡಿಯಲ್ಲಿ ಏನಿದೆಯೆಂಬುದನ್ನು ದೀಪವು ಹೇಳಲಾರದು. ಗಾಲೆಯ ಕೊಲ್ಲಿಯ ಬಾಯಲ್ಲಿಯೂ ಒಳಗೂ ಬಂಡೆಗಳು ಹರಡಿಕೊಂಡಿವೆ; ಕೆಲವು ತಲೆಯೆತ್ತಿ ನಿಂತಿವೆ, ಹಲವು ಮುಳುಗಿ ಹೊಂಚುಹಾಕಿವೆ. ಡಚ್ಚರಿಗೆ ಇದು ದೋಷವಾಗಿರಲಿಲ್ಲ. ದಾರಿಯನ್ನು ಬಲ್ಲ ಊರಿನ ನಾವಿಕನ ಸಹಾಯವಿಲ್ಲದೆ ಶತ್ರುವಿನ ಹಡಗು ಒಳಗೆ ಬರಲಾರದಷ್ಟೆ. ಸಮುದ್ರವೇ ಉಚಿತವಾಗಿ ಕಟ್ಟಿಕೊಟ್ಟ ಕೊತ್ತಲಗಳಿವು. ಆದರೆ ಬಂಡೆಗೆ ಶತ್ರುಮಿತ್ರರ ಭೇದವಿಲ್ಲ. ಇದರ ಮೇಲೆ ಕೊಲ್ಲಿಯ ಬಾಯಿ ದಕ್ಷಿಣಕ್ಕಿರುವುದರಿಂದ, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ದೊಡ್ಡ ಅಲೆಗಳು ನೇರವಾಗಿ ಒಳನುಗ್ಗುತ್ತವೆ.

1659ರ ಜುಲೈ ತಿಂಗಳಲ್ಲಿ ಆವೊಂಡ್‌ಸ್ಟರ್ ಎಂಬ ಡಚ್ಚರ ಹಡಗು, ನಮ್ಮ ದೇಶದ ಕಡೆಗೆ ಸಾಗಿಸಬೇಕಾದ ಅಡಕೆಯನ್ನು ತುಂಬಿಕೊಳ್ಳುವುದಕ್ಕಾಗಿ ಈ ಕೊಲ್ಲಿಯಲ್ಲಿ ಕಾದಿತ್ತು. ರಾತ್ರಿ ಲಂಗರು ಸಡಿಲಿ, ದಡಕ್ಕೆ ತಗುಲಿ ಒಡೆಯಿತು. ಆಗ ದೀಪಸ್ತಂಭವಿರಲಿಲ್ಲವೆನ್ನಬಹುದು. 1860ರಲ್ಲಿ ದೀಪಸ್ತಂಭವಿತ್ತು. ಆ ವರ್ಷ ಮೇ 22ರಂದು ಪೆನಿನ್ಸುಲರ್ ಅಂಡ್ ಓರಿಯೆಂಟಲ್ ಕಂಪನಿಯ ಮಲಬಾರ್ ಎಂಬ ಹೊಗೆಹಡಗು, ಚೀನಾಕ್ಕೆ ಹೊರಟಿದ್ದ ಆಂಗ್ಲೇಯರ ರಾಯಭಾರಿ ಎಲ್ಗಿನ್ ಪ್ರಭುವನ್ನೂ ಫ್ರೆಂಚರ ರಾಯಭಾರಿ ಗ್ರೋ ಎಂಬವನನ್ನೂ ಹೊತ್ತು ರೇವಿನಲ್ಲಿದ್ದಾಗ, ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿದು ಮುಳುಗಿತು. ಜನರೆಲ್ಲ ಬದುಕಿಕೊಂಡರು. ಎಲ್ಗಿನ್ನನು ಎರಡು ವರ್ಷಗಳ ಮೇಲೆ ಹಿಂದೂಸ್ಥಾನದ ವೈಸ್‌ರಾಯನಾದನು. 1871ರಲ್ಲಿ ಅದೇ ಕಂಪನಿಯ ರಂಗೂನ್ ಎಂಬ ಇನ್ನೊಂದು ಹಡಗು ಗಾಲೆಯ ಹೊರಗಿನ ಕಾದಿರ್ ಬಂಡೆಗೆ ತಾಗಿ ನೀರು ಸೇರಿತು.

ಇವು ಸಾಮಾನ್ಯ ನಷ್ಟಗಳಲ್ಲ. ಆಗ ಗಾಲೆಯು ಹೊಗೆಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳುವ, ಚೀನಾ ಮತ್ತು ಆಸ್ಟ್ರೇಲಿಯಾಗಳ ಟಪಾಲು ಒಂದು ಹಡಗಿನಿಂದ ಇನ್ನೊಂದಕ್ಕೆ ಬದಲಾಗುವ ಮುಖ್ಯ ಸ್ಥಾನ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳು ಹೆಚ್ಚಿದವು, ಗಾತ್ರದಲ್ಲಿಯೂ ಬೆಳೆದವು. ಬಂಡೆಗಳು ಬೆಳೆಯಲಿಲ್ಲ, ಕರಗಲೂ ಇಲ್ಲ. ಬಂಡೆಗಳನ್ನು ಸಿಡಿಸಿ ಗಾಲೆಯನ್ನು ತಿದ್ದುವುದೋ, ತೆರೆದ ಕಡಲಿನ ಕೊಲಂಬೋವಿನಲ್ಲಿ ಹೊಸದಾಗಿ ಅಲೆತಡೆಯನ್ನು ಕಟ್ಟುವುದೋ ಎಂಬ ಚರ್ಚೆ ನಡೆದು, ಕೊಲಂಬೋ ಗೆದ್ದಿತು. 1875ರಲ್ಲಿ ವೇಲ್ಸ್ ರಾಜಕುಮಾರನು ಅಲ್ಲಿ ಅಲೆತಡೆಗೆ ಅಸ್ತಿಭಾರವನ್ನಿಟ್ಟನು. ಅದು 1885ರಲ್ಲಿ ಮುಗಿಯಿತು. ಗಾಲೆಯ ಹಡಗುಗಳೆಲ್ಲ ಅತ್ತ ತಿರುಗಿದವು. 1894ರಲ್ಲಿ ಇಲ್ಲಿಗೆ ರೈಲು ಬರುವ ಹೊತ್ತಿಗೆ, ಅದನ್ನು ಎದುರುಗೊಳ್ಳಬೇಕಾಗಿದ್ದ ರೇವು ನಿದ್ರೆಹೋಗಿತ್ತು.

ಈ ಸೋಲಿನಿಂದಲೇ ಗಾಲೆ ಉಳಿಯಿತೆಂಬುದು ನಮ್ಮ ಅಭಿಪ್ರಾಯ. ಕೊಲಂಬೋವಿನಲ್ಲಿಯೂ ಡಚ್ಚರ ಕೋಟೆಯಿತ್ತು. ಬೆಳೆಯುವ ನಗರಕ್ಕೆ ಅದು ಅಡ್ಡಿಯಾಯಿತು, ಗೋಡೆಗಳನ್ನು ಕೆಡವಿದರು. ಗಾಲೆಯಲ್ಲಿ ಕೆಡವುವುದಕ್ಕೆ ಯಾರಿಗೂ ಹಣವೂ ಇರಲಿಲ್ಲ, ಕಾರಣವೂ ಇರಲಿಲ್ಲ. 1988ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಸ್ಥಾನವೆಂದು ಘೋಷಿಸಿತು.

ಹಡಗುಗಳು ಹೋದವು, ಬೆಸ್ತರು ಹೋಗಲಿಲ್ಲ. ಕೋಟೆಯಿಂದ ಹೊರಬಿದ್ದು ಮಾತರ ಪಟ್ಟಣದ ಕಡೆಗೆ ಹೊರಟರೆ ರಸ್ತೆಯ ಬದಿಯಲ್ಲಿಯೇ ಮೀನಿನ ಅಂಗಡಿಗಳು. ಹಿಂದುಗಡೆಯ ಮರಳಿನ ಮೇಲೆ ದೋಣಿಗಳು. ನಮ್ಮ ಗುಂಪಿನಲ್ಲಿ ಮತ್ಸ್ಯಾಹಾರಿಗಳು ಅರ್ಧದಷ್ಟು ಮಾತ್ರ; ಉಳಿದವರು ಮೂಗಿಗೆ ವಸ್ತ್ರವನ್ನು ಹಿಡಿದು ಜ್ಞಾನಾರ್ಜನೆಗಾಗಿ ಜೊತೆಗೆ ಬಂದರು. ಸಿಂಹಳೀಯರು ತೋರ ಎನ್ನುವುದು ನಮ್ಮ ಕರಾವಳಿಯ ಅಂಜಲ್ ಮೀನು. ಸಾಲಯ ಎನ್ನುವುದು ಬೂತಾಯಿಯ ದಾಯಾದಿ. ಆದರೆ ಅಲ್ಲಿಯ ಅರಸನೆಂದರೆ ಬಲಯ, ಕೆಲವಲ್ಲ ಎಂದು ಕರೆಯುವ, ಕೆಂಪು ಮಾಂಸದ ದಪ್ಪ ಟ್ಯೂನಾ ಮೀನುಗಳು. ಬಲಯವನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಮರದ ತುಂಡಿನಂತೆ ಒಣಗಿಸಿದುದೇ ಉಂಬಲಕಡ. ಮಾಲ್ಡೀವ್ ದ್ವೀಪಗಳಲ್ಲಿ ಇಬ್ನ್ ಬತೂತನು ಕಂಡು ವರ್ಣಿಸಿದ ಸರಕು ಇದೇ. ಅದರ ಪುಡಿಯಿಲ್ಲದೆ ಅಲ್ಲಿ ತೆಂಗಿನ ಚಟ್ನಿಯೂ ಆಗದೆಂಬುದನ್ನು ನಮ್ಮ ಶಾಕಾಹಾರಿ ಮಿತ್ರರೊಬ್ಬರು ತಡವಾಗಿ ತಿಳಿದರು.

ಈ ದಕ್ಷಿಣ ತೀರದ ವಿಶೇಷವಾದ ಅಡಿಗೆಯೆಂದರೆ ಅಂಬುಲ್ ತಿಯಲ್, ಎಂದರೆ ಹುಳಿಮೀನು. ಟ್ಯೂನಾ ಮೀನಿನ ತುಂಡುಗಳಿಗೆ ಉಪ್ಪು, ಕರಿಮೆಣಸು, ಗೊರಕ ಎಂಬ ಹುಳಿಯನ್ನು ಅರೆದ ಕಪ್ಪು ಮುದ್ದೆ, ಇಷ್ಟನ್ನು ಬಳಿದು, ಮಡಕೆಯಲ್ಲಿ ಒತ್ತೊತ್ತಾಗಿ ಜೋಡಿಸಿ, ಸ್ವಲ್ಪವೇ ನೀರಿನಲ್ಲಿ, ಆ ನೀರೂ ಇಂಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಗೊರಕವನ್ನು ಕೈಯಲ್ಲಿ ಹಿಡಿದು ನೋಡಿದಾಗ, ನಮ್ಮ ಜೊತೆಯಲ್ಲಿದ್ದ ಶಿರಸಿಯ ಕಡೆಯ ಸ್ನೇಹಿತರು "ಇದು ಉಪ್ಪಾಗೆಯಲ್ಲವೆ!" ಎಂದು ಕೂಗಿದರು. ಹೌದು, ಮಲೆನಾಡಿನವರು ಸಿಪ್ಪೆಯನ್ನು ಒಣಗಿಸಿ ಮಾರುವ, ಬೀಜದಿಂದ ತುಪ್ಪ ತೆಗೆಯುವ ಅದೇ ಉಪ್ಪಾಗೆ. ಹುಳಿಯ ಆಮ್ಲವೂ ಉಪ್ಪೂ ಸೇರಿ ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ತೇವವು ಬತ್ತಿರುವುದು ಇನ್ನೊಂದು ರಕ್ಷೆ. ಆದುದರಿಂದ ಆ ಉಷ್ಣದೇಶದಲ್ಲಿಯೂ ಅದು ಹಲವು ದಿನ ಕೆಡುವುದಿಲ್ಲ. ಶೀತಯಂತ್ರಗಳಿಲ್ಲದ ಕಾಲದಲ್ಲಿ, ಮಾರುತದ ದಿನಗಳಲ್ಲಿ ದೋಣಿ ಇಳಿಸಲಾಗದ ಬೆಸ್ತರ ಮನೆಗೆ ಇದು ರುಚಿಯ ಮಾತಾಗಿರಲಿಲ್ಲ, ಅನ್ನದ ಮಾತಾಗಿತ್ತು. ಆ ತಿಂಗಳುಗಳಲ್ಲಿ ಈ ಕಡೆಯ ಬೆಸ್ತರು ಸಂಸಾರಸಮೇತ ದ್ವೀಪದ ಮೂಡಣ ತೀರಕ್ಕೆ ವಲಸೆ ಹೋಗುವ ಪದ್ಧತಿಯೂ ಉಂಟು.

ಗಾಲೆಯಿಂದ ಸ್ವಲ್ಪ ದೂರದ ಕೊಗ್ಗಲದಲ್ಲಿ, ಅಲೆಗಳ ನಡುವೆ ನೆಟ್ಟ ಗಳುವಿನ ಮೇಲೆ ಕುಳಿತು ಗಾಳಹಾಕುವವರ ಚಿತ್ರವನ್ನು ಶ್ರೋತೃಗಳು ಕಂಡಿರಬಹುದು. ಈಗ ಅವರಲ್ಲಿ ಬಹುಮಂದಿ ಮೀನಿಗಿಂತ ಹೆಚ್ಚಾಗಿ ಛಾಯಾಚಿತ್ರಗಾರರನ್ನು ಹಿಡಿಯುತ್ತಾರೆ. ಅದನ್ನು ಹಾಸ್ಯಮಾಡುವ ಮನಸ್ಸು ನಮಗಾಗಲಿಲ್ಲ. ಹಣ ಕೊಟ್ಟು ಚಿತ್ರ ತೆಗೆದುಕೊಂಡವರಲ್ಲಿ ನಾವೂ ಸೇರಿದ್ದೆವು.

ಕೋಟೆಯೊಳಗೆ ಒಬ್ಬ ವೃದ್ಧ ಮುಸಲ್ಮಾನ ವ್ಯಾಪಾರಿ, ನಮಗೆ ತಿಳಿದಷ್ಟು ತಮಿಳಿನಲ್ಲಿ ನಮ್ಮೊಡನೆ ಮಾತಿಗೆ ಸಿಕ್ಕಿದರು. 2004ನೆಯ ಇಸವಿಯ ಡಿಸೆಂಬರ್ 26ರ ಬೆಳಗಿನ ವಿಷಯವನ್ನು ನಾವು ಕೇಳಲಿಲ್ಲ. ಗೋಡೆಯ ಮೇಲೆ ನಿಂತಿದ್ದಾಗ ಅವರೇ ತೆಗೆದರು. "ನೀರು ಈ ಗೋಡೆಯನ್ನು ಬಳಸಿಕೊಂಡು ಹೋಯಿತು, ಸ್ವಾಮಿ. ನಾವು ಮೇಲಿನಿಂದ ನೋಡಿದೆವು. ನಮ್ಮ ತಂಗಿಯ ಮನೆ ಹೊರಗೆ ಇತ್ತು" ಎಂದು ಹೇಳಿ, ಮುಂದೆ ಮಾತನಾಡಲಿಲ್ಲ.

ಆ ದಿನ ಹುಣ್ಣಿಮೆ, ಬೌದ್ಧರಿಗೆ ಪರ್ವದಿನ, ಭಾನುವಾರವೂ ಆಗಿತ್ತು. ಸುಮಾತ್ರದ ಬಳಿ ಸಮುದ್ರತಳದಲ್ಲಿ ಆದ ಭೂಕಂಪದಿಂದ ಹೊರಟ ಸುನಾಮಿಯು ಒಂಬತ್ತೂವರೆ ಗಂಟೆಯ ಹೊತ್ತಿಗೆ ಗಾಲೆಯನ್ನು ಮುಟ್ಟಿತು. ಫಿರಂಗಿಗುಂಡುಗಳನ್ನು ತಡೆಯುವುದಕ್ಕಾಗಿ ಡಚ್ಚರು ಎತ್ತಿದ ಗೋಡೆಯು ಅಲೆಯನ್ನು ತಡೆಯಿತು; ಒಳಗೆ ಬಂದ ನೀರು ಅತ್ಯಲ್ಪ. ಗೋಡೆಯ ಹೊರಗಿನ ತಗ್ಗಿನಲ್ಲಿ ಬಸ್ಸು ನಿಲ್ದಾಣ, ಕ್ರಿಕೆಟ್ ಮೈದಾನ, ಸಂತೆ, ಹೊಸ ಪಟ್ಟಣ; ಅಲ್ಲಿ ಬಸ್ಸುಗಳು ಬೆಂಕಿಪೆಟ್ಟಿಗೆಗಳಂತೆ ತೇಲಿದವು. ಗಾಲೆ ಜಿಲ್ಲೆಯೊಂದರಲ್ಲಿಯೇ ಸಾವಿರಾರು ಮಂದಿ ಸತ್ತರು. ದ್ವೀಪದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ. ನಾವು ಬಂದ ಅದೇ ಹಳಿಯ ಮೇಲೆ, ಪೆರಲಿಯ ಎಂಬ ಹಳ್ಳಿಯ ಬಳಿ, ಕೊಲಂಬೋವಿನಿಂದ ಹೊರಟಿದ್ದ ರೈಲನ್ನು ಅಲೆಯು ಹೊಡೆದುಹಾಕಿತು. ಗಾಡಿಯಲ್ಲಿದ್ದವರೂ, ಆಸರೆಯೆಂದು ಅದನ್ನು ಹತ್ತಿದ ಹಳ್ಳಿಯವರೂ ಸೇರಿ ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಪ್ರಾಣಬಿಟ್ಟರು. ಆವೊಂಡ್‌ಸ್ಟರ್ ಹಡಗಿನಿಂದ ಮುಳುಗುಗಾರರು ಎತ್ತಿ ತಂದಿದ್ದ ವಸ್ತುಗಳನ್ನು ಸಂಸ್ಕರಿಸುತ್ತಿದ್ದ ಕಡಲಂಚಿನ ಪ್ರಯೋಗಶಾಲೆಯೂ ನಾಶವಾಯಿತು. 1659ರಲ್ಲಿ ತೆಗೆದುಕೊಂಡುದನ್ನು ಸಮುದ್ರವು ಎರಡನೆಯ ಬಾರಿ ತೆಗೆದುಕೊಂಡಿತು.

ಅನಂತರದ ಕಥೆಯೂ ಹೇಳತಕ್ಕದ್ದೇ. ಈ ತೀರದಲ್ಲಿ ಸಮುದ್ರದಿಂದ ನೂರು ಮೀಟರಿನೊಳಗೆ ಯಾರೂ ಮನೆಯನ್ನು ಮತ್ತೆ ಕಟ್ಟಕೂಡದೆಂದು ಸರ್ಕಾರವು ಆಜ್ಞೆಮಾಡಿತು. ಪ್ರವಾಸಿಗರ ಹೋಟೆಲುಗಳಿಗೆ ವಿನಾಯಿತಿ ದೊರೆಯಿತು. ದೋಣಿಯ ಕಣ್ಣಳತೆಯಲ್ಲಿಯೇ ಮಲಗಬೇಕಾದ ಬೆಸ್ತನು ಒಳನಾಡಿನಲ್ಲಿ ಮನೆ ಮಾಡಿ ಹೇಗೆ ಬದುಕಬೇಕೆಂಬ ಕೂಗೆದ್ದು, ಸ್ವಲ್ಪ ಕಾಲದಲ್ಲಿಯೇ ಆಜ್ಞೆಯನ್ನು ಸಡಿಲಿಸಬೇಕಾಯಿತು. ಕೋಟೆಯೊಳಗಿನ ಹಳೆಯ ಮನೆಗಳಿಗಾದರೋ ಬೆಲೆ ಏರುತ್ತ ಹೋಗಿ, ಎಷ್ಟೋ ಮನೆಗಳು ಪರದೇಶದವರ ಕೈಸೇರಿ ಹೋಟೆಲುಗಳಾದವು. ಜಗಲಿಗಳಿಗೆ ಹೊಸ ಬಣ್ಣ ಬಂದಿದೆ. ಮರದ ಕೆತ್ತನೆಗಳು ಚೆನ್ನಾಗಿ ದುರಸ್ತಾಗಿವೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಜಗಲಿಯ ಮೇಲೆ ಕುಳಿತಿರುವವರು ನಮ್ಮಂಥ ಎರಡು ದಿನದ ಅತಿಥಿಗಳು. ವ್ಯಾಪಾರಿಯವರು ತಮ್ಮ ಬೀದಿಯಲ್ಲಿ ಉಳಿದಿರುವ ಹಳೆಯ ಕುಟುಂಬಗಳನ್ನು ಬೆರಳಿನಲ್ಲಿ ಎಣಿಸಿ ತೋರಿಸಿದರು. ಎರಡನೆಯ ಕೈ ಬೇಕಾಗಲಿಲ್ಲ.

ಕೊನೆಯ ಸಂಜೆ ಮತ್ತೆ ಉಟ್ರೆಕ್ಟ್ ಕೊತ್ತಲಕ್ಕೆ ಹೋದೆವು. ಕತ್ತಲಾಗುತ್ತಲೂ ಮೇಲೆ ದೀಪ ಹೊತ್ತಿತು. ದೂರದ ದಿಗಂತದಲ್ಲಿ ದೊಡ್ಡ ಹಡಗುಗಳ ದೀಪಗಳು ಒಂದರ ಹಿಂದೆ ಒಂದು ಮೂಡಣಕ್ಕೆ ಸಾಗುತ್ತಿದ್ದವು. ಯಾವುದೂ ಇತ್ತ ತಿರುಗಲಿಲ್ಲ. ಕೆಳಗೆ, ಬಂಡೆಗಳ ನಡುವಣ ಕಿರಿದಾದ ನೀರಿನಲ್ಲಿ, ಸಣ್ಣ ಲಾಂದ್ರವನ್ನು ಕಟ್ಟಿಕೊಂಡ ಎರಡು ದೋಣಿಗಳು ರಾತ್ರಿಯ ಬೇಟೆಗೆ ಹೊರಟಿದ್ದವು. ಯಾವ ಬಂಡೆ ಎಲ್ಲಿದೆಯೆಂಬುದು ಅವುಗಳಲ್ಲಿದ್ದವರಿಗೆ ಗೊತ್ತಿದ್ದಿರಬೇಕು. ಮೇಲಿನ ದೀಪದ ಕಡೆಗೆ ಅವರು ತಲೆಯೆತ್ತಲೂ ಇಲ್ಲ.